‘ಮರೆಮಾಚು’ ಮತ್ತು ‘ಹೇಳದೇ ಹೋಗು’: ವಿಮೆಯ ಕಾಗದಕ್ಕೆ ಯಾವ ಮಾತು ಸರಿ?

ಎಲ್ಲರಿಗೂ ನಮಸ್ಕಾರ.

ಒಂದು ಕ್ರಿಯಾಪದದ ಬಗ್ಗೆ ಕೇಳಬೇಕಿತ್ತು. ಸ್ವಲ್ಪ ಉದ್ದ ಆಗುತ್ತದೆ. ಹಿನ್ನೆಲೆ ಹೇಳದಿದ್ದರೆ ಪ್ರಶ್ನೆ ನಿಲ್ಲುವುದಿಲ್ಲ.

ನಮ್ಮ ಸೋದರತ್ತೆಗೆ 62 ವರ್ಷ. ದಾವಣಗೆರೆ ಹತ್ತಿರದ ಊರು. ಎರಡು ವರ್ಷದ ಹಿಂದೆ ಆರೋಗ್ಯ ವಿಮೆ ಮಾಡಿಸಿದ್ದರು. ಹೋದ ಮಳೆಗಾಲದಲ್ಲಿ ಎದೆನೋವು ಬಂದು ಐದು ದಿನ ಆಸ್ಪತ್ರೆಯಲ್ಲಿದ್ದರು. ಕ್ಲೇಮು ಕಳಿಸಿದೆವು, ರಿಜೆಕ್ಟ್ ಆಯಿತು. ಅವರು ಆರು ವರ್ಷದಿಂದ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ಅದು ಫಾರಂನಲ್ಲಿ ಇರಲಿಲ್ಲ. ಕಂಪನಿಯ ಪತ್ರ ಇಂಗ್ಲಿಷ್‌ನಲ್ಲಿತ್ತು, ಜೊತೆಗೆ ಕನ್ನಡದ ಪ್ರತಿ. ಇಂಗ್ಲಿಷ್‌ನಲ್ಲಿ ‘ನಾನ್ ಡಿಸ್‌ಕ್ಲೋಷರ್ ಆಫ್ ಮೆಟೀರಿಯಲ್ ಫ್ಯಾಕ್ಟ್’ ಎಂದಿತ್ತು, ಅಂದರೆ ಮುಖ್ಯ ಸಂಗತಿಯನ್ನು ತಿಳಿಸದಿರುವುದು. ಅದೇ ಜಾಗದಲ್ಲಿ ಕನ್ನಡದ ಸಾಲು ಹೀಗಿತ್ತು: ‘ತಾವು ಭೌತಿಕ ಸಂಗತಿಯನ್ನು ಮರೆಮಾಚಿರುತ್ತೀರಿ.’

ಅತ್ತೆ ಓದಿದ್ದು ಕನ್ನಡದ್ದನ್ನೇ. ಓದಿ ಕಾಗದ ಮಡಿಚಿ ತೊಡೆ ಮೇಲೆ ಇಟ್ಟುಕೊಂಡು, ‘ನಾನೇನು ಬಚ್ಚಿಟ್ಟೆನೋ?’ ಅಂದರು. ದುಡ್ಡಿನ ಮಾತು ಆಮೇಲೆ ಬಂತು. ಮೊದಲು ಅವರನ್ನು ಚುಚ್ಚಿದ್ದು ಆ ಒಂದು ಕ್ರಿಯಾಪದ.

ಹೇಳಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಬಿಪಿಗೂ ಎದೆನೋವಿಗೂ ಸಂಬಂಧ ಇದೆ ಎಂದು ಯಾರಿಗಾದರೂ ಗೊತ್ತು. ನನ್ನ ಪ್ರಶ್ನೆ ಅದಲ್ಲ. ‘ಹೇಳಲಿಲ್ಲ’ ಎನ್ನುವುದಕ್ಕೂ ‘ಮರೆಮಾಚಿದರು’ ಎನ್ನುವುದಕ್ಕೂ ಕನ್ನಡದಲ್ಲಿ ಅಜಗಜಾಂತರ ಇದೆ, ಅಲ್ವಾ? ಅನುವಾದ ಮಾಡಿದವರು ಅದನ್ನು ಹೇಗೆ ದಾಟಿಬಿಟ್ಟರು?

‘ಮರೆಮಾಚು’ ಪದವನ್ನೇ ನೋಡಿ. ಮರೆ ಅಂದರೂ ಅಡ್ಡ, ಮಾಚು ಅಂದರೂ ಅಡಗಿಸು. ಎರಡು ಬಾಗಿಲು ಹಾಕಿದ ಹಾಗೆ. ಬಚ್ಚಿಡು, ಮುಚ್ಚಿಡು ಇವುಗಳಲ್ಲಿ ಕೊನೆಗೆ ಬರುವ ‘ಇಡು’ ಇದೆಯಲ್ಲ, ಅದೇ ಉದ್ದೇಶವನ್ನು ಹೇಳುತ್ತದೆ. ಎತ್ತಿಡು, ತೆಗೆದಿಡು, ಕೂಡಿಡು... ಎಲ್ಲವೂ ಗೊತ್ತಿದ್ದು, ಮುಂದಿನದನ್ನು ಯೋಚಿಸಿ ಮಾಡುವ ಕೆಲಸ. ‘ಹೋಗು’ ಸೇರಿದಾಗ ಹಾಗಲ್ಲ. ಮರೆತುಹೋಯಿತು, ಬಿಟ್ಟುಹೋಯಿತು, ತಪ್ಪಿಹೋಯಿತು. ಕೈ ಇದೆ, ಆದರೆ ಕೈವಾಡ ಇಲ್ಲ. ಇವೆರಡರ ನಡುವೆ ‘ಹೇಳದೆ ಬಿಟ್ಟರು’ ಇದೆ. ಅದರಲ್ಲಿ ಸ್ವಲ್ಪ ಅಸಡ್ಡೆ ಇರಬಹುದು, ಸ್ವಲ್ಪ ಉದ್ದೇಶವೂ ಇರಬಹುದು. ‘ಹೇಳದೇ ಹೋದರು’ ಅಂದರೆ ಹೇಳಬೇಕಿತ್ತು, ಆಗಲಿಲ್ಲ, ಅಷ್ಟೇ. ಒಂದೇ ತಪ್ಪಿಗೆ ಇಷ್ಟು ಮೆಟ್ಟಿಲು ನಮ್ಮ ಭಾಷೆಯಲ್ಲೇ ಇವೆ. ಇಂಗ್ಲಿಷ್ ಪತ್ರದಲ್ಲಿದ್ದ ಮಾತು ಉದ್ದೇಶದ ಬಗ್ಗೆ ಏನೂ ಹೇಳುವುದಿಲ್ಲ. ಕನ್ನಡದ ಪತ್ರ ಮಾತ್ರ ನೇರವಾಗಿ ಕೊನೆಯ ಮೆಟ್ಟಿಲಿಗೇ ಹೋಗಿ ನಿಂತಿದೆ.

ಇದು ಬರೀ ಮನಸ್ಸಿಗೆ ನೋವಾಗುವ ವಿಷಯ ಅಂದುಕೊಳ್ಳಬೇಡಿ. ಕಾನೂನು ಕೂಡ ಈ ಎರಡನ್ನು ಬೇರೆ ಬೇರೆಯಾಗಿಯೇ ನೋಡುತ್ತದೆ. ಜೀವ ವಿಮೆಗೆ 1938ರ ವಿಮಾ ಕಾಯ್ದೆಯ 45ನೇ ಕಲಂ ಇದೆ. 2015ರಲ್ಲಿ ಅದನ್ನು ತಿದ್ದಿದರು. ಪಾಲಿಸಿ ಶುರುವಾಗಿ 3 ವರ್ಷ ಕಳೆದ ಮೇಲೆ ಕಂಪನಿ ಯಾವ ಕಾರಣಕ್ಕೂ ಅದನ್ನು ಪ್ರಶ್ನಿಸುವಂತಿಲ್ಲ. ಮೊದಲು ಇದು 2 ವರ್ಷ ಇತ್ತು, ಆದರೆ ಆಗ ವಂಚನೆಗೆ ವಿನಾಯಿತಿ ಇತ್ತು. ಈಗ 3 ವರ್ಷದೊಳಗೆ ಪ್ರಶ್ನಿಸಿದರೂ ಎರಡು ದಾರಿ. ವಂಚನೆ ಎಂಬ ಕಾರಣಕ್ಕೆ ತಿರಸ್ಕರಿಸಿದರೆ ಕಟ್ಟಿದ ಕಂತು ವಾಪಸ್ ಕೊಡಬೇಕೆಂದು ಕಾಯ್ದೆ ಹೇಳುವುದಿಲ್ಲ. ವಂಚನೆ ಅಲ್ಲ, ಮುಖ್ಯ ಸಂಗತಿ ತಪ್ಪಾಗಿದೆ ಅಥವಾ ಬಿಟ್ಟುಹೋಗಿದೆ ಎಂದಾದರೆ, ಕಂತಿನ ಹಣವನ್ನು 90 ದಿನದೊಳಗೆ ಹಿಂದಿರುಗಿಸಬೇಕು. ‘ಮುಚ್ಚಿಟ್ಟರು’ ಎನ್ನುವುದಕ್ಕೂ ‘ಹೇಳದೇ ಹೋದರು’ ಎನ್ನುವುದಕ್ಕೂ ಇರುವ ವ್ಯತ್ಯಾಸ ಇಲ್ಲಿ ರೂಪಾಯಿಯಲ್ಲಿದೆ.

ಅತ್ತೆಯದು ಆರೋಗ್ಯ ವಿಮೆ, ಈ ಕಲಂ ಅದಕ್ಕೆ ಬರುವುದಿಲ್ಲ. ಆದರೆ ಅಲ್ಲೂ ಇದೇ ಗೆರೆ ಇದೆ. 2024ರ ನಿಯಮದ ಪ್ರಕಾರ 60 ತಿಂಗಳು ಬಿಡದೆ ಕಂತು ಕಟ್ಟಿದ ಮೇಲೆ ‘ಹೇಳಿರಲಿಲ್ಲ’ ಎಂದು ಕ್ಲೇಮು ನಿರಾಕರಿಸುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ಬೇರೆ.

1872ರ ಕರಾರು ಕಾಯ್ದೆ ವಂಚನೆಯನ್ನು ವಿವರಿಸುವಾಗ ‘ಆಕ್ಟಿವ್ ಕನ್ಸೀಲ್‌ಮೆಂಟ್’ ಎನ್ನುತ್ತದೆ. ಅಂದರೆ ಗೊತ್ತಿದ್ದೂ ಅಡಗಿಸುವುದು. ಉದ್ದೇಶ ತೋರಿಸಲು ಅಲ್ಲಿ ಹೆಸರಿನ ಹಿಂದೆ ಒಂದು ವಿಶೇಷಣ ಹಾಕಬೇಕಾಯಿತು. ನಮಗೆ ‘ಮುಚ್ಚಿಡು’ ಒಂದೇ ಸಾಕು. ಇಷ್ಟು ಸೂಕ್ಷ್ಮ ನಮ್ಮಲ್ಲಿದ್ದೂ ಫಾರಂನಲ್ಲಿ ಅದನ್ನು ಬಳಸದೆ ಬಿಟ್ಟಿರುವುದು ನನಗೆ ನಿಜವಾಗಿ ಬೇಜಾರಿನ ವಿಷಯ.

ಈಗ ಫಾರಂ ತುಂಬಿದ ದಿನಕ್ಕೆ ಬರುತ್ತೇನೆ. ಆವತ್ತು ನಾನೂ ಅಲ್ಲಿದ್ದೆ. ಏಜೆಂಟ್ ಪರಿಚಯದ ಹುಡುಗನೇ, ಕೆಟ್ಟವನಲ್ಲ. ಫಾರಂ ಇಂಗ್ಲಿಷ್‌ನಲ್ಲಿತ್ತು. ಕಾಫಿ ಕುಡಿಯುತ್ತಾ ಕೇಳಿದ: ‘ಅಮ್ಮಾ, ಕಾಯಿಲೆ ಗೀಯಿಲೆ ಏನೂ ಇಲ್ಲ ಅಲ್ವಾ?’ ಅತ್ತೆ ಹೇಳಿದರು: ‘ದೇವರ ದಯೆ, ಏನೂ ಇಲ್ಲಪ್ಪಾ. ಆರಾಮಿದೀನಿ.’ ಅವನು ಸಾಲಾಗಿ ‘ನೋ’ಗಳಿಗೆ ಟಿಕ್ ಹಾಕಿದ. ಅತ್ತೆ ಕನ್ನಡದಲ್ಲಿ ಸಹಿ ಮಾಡಿದರು. ಬೇರೆ ಭಾಷೆಯ ಫಾರಂಗೆ ಹೀಗೆ ಸಹಿ ಮಾಡಿದಾಗ, ಅದರಲ್ಲಿರುವುದನ್ನು ಅವರ ಭಾಷೆಯಲ್ಲಿ ವಿವರಿಸಿದ್ದೇವೆ ಎಂದು ಇನ್ನೊಬ್ಬರು ಬರೆದುಕೊಡಬೇಕು. ಅದನ್ನೂ ಅವನೇ ಬರೆದುಕೊಂಡ. ಮಾತ್ರೆಯ ಸ್ಟ್ರಿಪ್ ಅದೇ ಟೇಬಲ್ ಮೇಲೆ, ಉಪ್ಪಿನಕಾಯಿ ಜಾಡಿಯ ಪಕ್ಕದ ಸ್ಟೀಲ್ ಡಬ್ಬಿಯಲ್ಲಿತ್ತು. ದಿನಾ ತಿಂಡಿ ಆದಮೇಲೆ ಅದರಿಂದಲೇ ತೆಗೆದು ನುಂಗುತ್ತಾರೆ.

ಅದೇ ಅತ್ತೆ ಆಸ್ಪತ್ರೆಯಲ್ಲಿ ಏನು ಮಾಡಿದರು ಗೊತ್ತಾ? ನರ್ಸ್ ಕೇಳಿದ್ದು ‘ದಿನಾ ಯಾವ ಮಾತ್ರೆ ತಗೋತೀರಾ?’ ಅಂತ. ‘ಬಿಪಿದು, ಅರ್ಧ ಮಾತ್ರೆ, ಆರು ವರ್ಷ ಆಯ್ತು’ ಎಂದು ಒಂದೇ ಉಸಿರಿಗೆ ಹೇಳಿದರು. ಕೇಸ್ ಶೀಟ್‌ನಲ್ಲಿ ಆ ಮಾತೇ ದಾಖಲಾಯಿತು. ಕಂಪನಿಗೆ ಸಿಕ್ಕಿದ್ದೂ ಅದೇ. ಮುಚ್ಚಿಡುವ ಮನಸ್ಸಿದ್ದವರು ಹೀಗೆ ಹೇಳುತ್ತಾರಾ?

ನನಗೆ ಆಮೇಲೆ ಹೊಳೆದದ್ದು ಏನೆಂದರೆ, ‘ಕಾಯಿಲೆ’ ಎಂಬ ಪದದೊಳಗೆ ಬಿಪಿ, ಶುಗರ್ ಇನ್ನೂ ಪೂರ್ತಿ ಬಂದಿಲ್ಲ. ಕಾಯಿಲೆ ಅಂದರೆ ‘ಬೀಳುವುದು’. ಕಾಯಿಲೆ ಬೀಳುತ್ತಾರೆ, ಹಾಸಿಗೆ ಹಿಡಿಯುತ್ತಾರೆ. ಬಿಪಿ ಹಾಗಲ್ಲ, ಅದು ‘ಇರುತ್ತದೆ’. ‘ನನಗೆ ಶುಗರ್ ಇದೆ’ ಅನ್ನುತ್ತೇವೆ, ‘ನಾನು ಶುಗರ್ ಬಿದ್ದೆ’ ಅನ್ನುವುದಿಲ್ಲ. ಕನ್ನಡಕ ಇದ್ದ ಹಾಗೆ, ಮಂಡಿನೋವು ಇದ್ದ ಹಾಗೆ. ನಾನು ಬ್ಯಾಂಕಿನ ಕೌಂಟರಿನಲ್ಲಿ ಇಪ್ಪತ್ತು ವರ್ಷದಿಂದ ಜನರಿಗೆ ಫಾರಂ ಓದಿ ಹೇಳುತ್ತಿದ್ದೇನೆ. ಗದಗದ ಕಡೆ ಇದ್ದಾಗ ‘ಜಡ್ಡು ಏನರ ಐತೇನ್ರಿ?’ ಅಂದರೆ ‘ಇಲ್ರಿ, ಶುಗರ್ ಅಷ್ಟ ಐತಿ’ ಅನ್ನುವವರು ಎಷ್ಟೋ ಜನ. ಆ ‘ಅಷ್ಟ’ದಲ್ಲಿ ಇಡೀ ಸಮಸ್ಯೆ ಇದೆ. ಉಡುಪಿಯಲ್ಲಿದ್ದಾಗ ‘ಸೌಖ್ಯವಾ?’ ಎಂದರೆ ‘ಸೌಖ್ಯ’ ಎಂದೇ ಉತ್ತರ. ಅದು ಆರೋಗ್ಯದ ವರದಿ ಅಲ್ಲ, ಮರ್ಯಾದೆಯ ಮಾತು.

ಮೇಲಾಗಿ ಆ ಹುಡುಗನ ವಾಕ್ಯದ ರಚನೆ ನೋಡಿ. ‘ಇಲ್ಲ ಅಲ್ವಾ’ ಎಂದಾಗ ಉತ್ತರವನ್ನು ಅವನೇ ಕೊಟ್ಟಾಗಿದೆ. ‘ಗೀಯಿಲೆ’ ಎಂದಾಗ ಕಾಯಿಲೆಯೂ ಹಗುರಾಗಿಹೋಯಿತು. ಜೊತೆಗೆ ಒಳ್ಳೆಯ ಕೆಲಸಕ್ಕೆ ಸಹಿ ಮಾಡುವಾಗ ರೋಗದ ಹೆಸರು ಎತ್ತಿದರೆ ‘ಬಿಡ್ತು ಅನ್ನು’ ಎನ್ನುವ ಮನೆಗಳು ನಮ್ಮವು. 45ನೇ ಕಲಂನಲ್ಲಿ ನನಗೆ ತುಂಬಾ ಹಿಡಿಸಿದ ಒಂದು ವಿವರಣೆ ಇದೆ. ವಿಮೆ ಮಾಡಿಸಲು ಬಂದು ಮಾತುಕತೆ ನಡೆಸುವವರನ್ನು, ಕರಾರು ಆಗುವ ಮಟ್ಟಿಗೆ, ಕಂಪನಿಯ ಏಜೆಂಟ್ ಎಂದೇ ಭಾವಿಸಬೇಕು ಎನ್ನುತ್ತದೆ ಅದು. ಹಾಗೆಂದು ಖಾಲಿ ಫಾರಂಗೆ ಸಹಿ ಹಾಕಿ ‘ನನಗೇನು ಗೊತ್ತು’ ಎನ್ನುವುದೂ ನಡೆಯುವುದಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣದಲ್ಲಿ ಆ ವಾದವನ್ನು ಒಪ್ಪಲಿಲ್ಲ. ಅಲ್ಲಿ ಬೇರೆ ಕಂಪನಿಯಲ್ಲಿ ಎರಡು ತಿಂಗಳ ಹಿಂದಷ್ಟೇ ತೆಗೆದುಕೊಂಡಿದ್ದ ಪಾಲಿಸಿಯ ವಿಷಯ ಹೇಳಿರಲಿಲ್ಲ. ಕೇಳಿದ ಪ್ರಶ್ನೆಗೆ ಸರಿಯಾಗಿ ಉತ್ತರಿಸುವ ಹೊಣೆ ನಮ್ಮದೇ. ಪ್ರಶ್ನೆಯನ್ನು ಜನರಿಗೆ ಅರ್ಥವಾಗುವ ಮಾತಿನಲ್ಲಿ ಕೇಳುವ ಹೊಣೆ ಅವರದು.

ಇನ್ನು ‘ಭೌತಿಕ ಸಂಗತಿ’. ಇದು ಶುದ್ಧ ತಪ್ಪು. ಮೆಟೀರಿಯಲ್ ಎಂದ ಕೂಡಲೇ ಭೌತವಸ್ತುವಿಗೆ ಹೋಗಿಬಿಟ್ಟಿದ್ದಾರೆ. ‘ಮಹತ್ವದ ಸಂಗತಿ’ ಪರವಾಗಿಲ್ಲ. ಆದರೆ ಯಾರಿಗೆ ಮಹತ್ವ? ಅತ್ತೆಗೆ ಅರ್ಧ ಮಾತ್ರೆ ಏನು ಮಹತ್ವ! ಕಾನೂನಿನಲ್ಲಿ ಇದಕ್ಕೆ ಅರ್ಥ ಬೇರೆ. ಯಾವ ಸಂಗತಿ ಗೊತ್ತಾದರೆ ವಿಮೆ ಕೊಡಬೇಕೋ ಬೇಡವೋ, ಕೊಟ್ಟರೆ ಎಷ್ಟು ಕಂತಿಗೆ ಎನ್ನುವ ಕಂಪನಿಯ ತೀರ್ಮಾನ ಬದಲಾಗುತ್ತದೋ ಅದು. ನನಗೆ ಹೊಳೆದದ್ದು ‘ಲೆಕ್ಕಕ್ಕೆ ಬರುವ ಸಂಗತಿ’. ಕಂತಿನ ಲೆಕ್ಕವೂ ಅದರಲ್ಲಿದೆ, ಆಡುಮಾತಿನ ಅರ್ಥವೂ ಇದೆ. ವಕೀಲರು ಒಪ್ಪುತ್ತಾರಾ?

‘ಡಿಸ್‌ಕ್ಲೋಷರ್’ಗೂ ಇದೇ ಪಾಡು. ‘ಪ್ರಕಟಣೆ’ ಅಂದರೆ ಪೇಪರಿನಲ್ಲಿ ಬರುವುದು. ‘ಘೋಷಣೆ’ ಅಂದರೆ ಮೆರವಣಿಗೆ ನೆನಪಾಗುತ್ತದೆ. ‘ಬಹಿರಂಗಪಡಿಸು’ ಅಂದರೆ ಮೊದಲು ಏನೋ ಗುಟ್ಟು ಇತ್ತು ಎಂದೇ ಅರ್ಥ. ನಾವು ದಿನಾ ಹೇಳುವುದು ‘ಇದ್ದದ್ದು ಇದ್ದ ಹಾಗೆ ಮೊದಲೇ ಹೇಳಿಬಿಡು’ ಎಂದು. ಹೆಣ್ಣು ಗಂಡಿನ ಮಾತುಕತೆಯಲ್ಲಿ, ಜಮೀನಿನ ವ್ಯವಹಾರದಲ್ಲಿ ಹಿರಿಯರು ಈ ಮಾತನ್ನೇ ಆಡುತ್ತಾರೆ. ಇದ್ದದ್ದು ಇದ್ದಂಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆಯೂ ನಮ್ಮಲ್ಲೇ ಇದೆ. ಕಂತು ಜಾಸ್ತಿ ಆಗುತ್ತದೆ, ಪಾಲಿಸಿ ಕೊಡುವುದೇ ಇಲ್ಲ ಎಂಬ ಭಯದಿಂದ ಹೇಳದವರ ಮನಸ್ಸು ಆ ಗಾದೆಯಲ್ಲಿದೆ. ಹಾಗಾಗಿ ಫಾರಂನಲ್ಲಿ ‘ಇದ್ದದ್ದನ್ನು ತಿಳಿಸುವ ಹೊಣೆ’ ಎಂದರೆ ಎಲ್ಲರಿಗೂ ಮುಟ್ಟುತ್ತದೆ ಅನಿಸುತ್ತದೆ.

ಈ ಹೊಣೆಯ ಹಿಂದಿರುವ ತತ್ತ್ವವನ್ನು ಲ್ಯಾಟಿನ್‌ನಲ್ಲಿ ‘ಉಬೆರಿಮಾ ಫಿಡೆಸ್’ ಎನ್ನುತ್ತಾರೆ. ನಮ್ಮ ಪಠ್ಯಗಳಲ್ಲಿ ಅದು ‘ಪರಮ ಸದ್ಭಾವನೆ’ ಆಗುತ್ತದೆ. ಎತ್ತು ಕೊಳ್ಳುವವನು ಹಲ್ಲು ಹಿಡಿದು ವಯಸ್ಸು ನೋಡುತ್ತಾನೆ, ಸುಳಿ ನೋಡುತ್ತಾನೆ, ನಡೆಸಿ ನೋಡುತ್ತಾನೆ. ವಿಮೆ ಕೊಡುವವನಿಗೆ ಹಲ್ಲು ಕಾಣುವುದಿಲ್ಲ. ನಾವು ಹೇಳಿದ್ದನ್ನೇ ನಂಬಬೇಕು. ತತ್ತ್ವ ಇಷ್ಟೇ. 1766ರಲ್ಲಿ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಇದನ್ನು ವಿವರಿಸಿದ ಮೊಕದ್ದಮೆ ಸುಮಾತ್ರಾ ದ್ವೀಪದ ಒಂದು ಕೋಟೆಯದ್ದು. ಈಸ್ಟ್ ಇಂಡಿಯಾ ಕಂಪನಿಯ ಆ ಕೋಟೆಯನ್ನು ಫ್ರೆಂಚರು 1760ರಲ್ಲಿ ಹಿಡಿದುಕೊಂಡರು. ಕೋಟೆ ದುರ್ಬಲವಾಗಿತ್ತು ಎಂದು ವಿಮೆ ಮಾಡಿಸಿದ್ದ ಗವರ್ನರ್ ಹೇಳಿರಲಿಲ್ಲ ಎಂಬುದು ವಿಮೆ ಕೊಟ್ಟವನ ತಕರಾರು. ಆದರೆ ಗೆದ್ದದ್ದು ವಿಮೆ ಮಾಡಿಸಿದವನೇ! ಎದುರಿನವನಿಗೆ ತಾನಾಗಿಯೇ ಗೊತ್ತಿರಬೇಕಾದದ್ದನ್ನು ಹೇಳಬೇಕಾಗಿಲ್ಲ ಎಂದಿತು ತೀರ್ಪು. ಈ ಅರ್ಧವನ್ನು ಯಾರೂ ಹೇಳುವುದಿಲ್ಲ.

ಆ ‘ಉಬೆರ್’ ಪದಕ್ಕೆ ಲ್ಯಾಟಿನ್‌ನಲ್ಲಿ ಕೆಚ್ಚಲು ಎಂಬ ಅರ್ಥವಿದೆ. ಸಂಸ್ಕೃತದ ‘ಊಧಸ್’ ಅದರ ನಂಟ. ತುಂಬಿದ ಕೆಚ್ಚಲಿನ ಹಾಗೆ ತುಂಬಿದ ನಂಬಿಕೆ. ‘ಪರಮ ಸದ್ಭಾವನೆ’ಗಿಂತ ‘ತುಂಬು ನಂಬಿಕೆ’ ಎಷ್ಟು ಚೆನ್ನಾಗಿದೆ ನೋಡಿ. ‘ವಿಮೆ’ ಕೂಡ ಹೊರಗಿನಿಂದ ಬಂದದ್ದೇ, ಪಾರಸಿಯ ‘ಬೀಮಾ’. ಅದರೊಳಗಿನ ‘ಬೀಮ್’ ಅಂದರೆ ಭಯ. ಮೈಸೂರು ಸಂಸ್ಥಾನದಲ್ಲಿ 1891ರಲ್ಲೇ ಸರ್ಕಾರಿ ನೌಕರರಿಗೆ ವಿಮೆ ಶುರುವಾಗಿತ್ತು. ಹಳೆಯ ಮೈಸೂರಿನ ಆ ಕಾಗದಗಳಲ್ಲಿ ಈ ಹೊಣೆಗೆ ಯಾವ ಕನ್ನಡ ಮಾತು ಬಳಸುತ್ತಿದ್ದರು? ಯಾರ ಮನೆಯಲ್ಲಾದರೂ ತಾತನ ಪಾಲಿಸಿ ಕಾಗದ ಇದ್ದರೆ ದಯವಿಟ್ಟು ನೋಡಿ ಹೇಳಿ.

ದನದ ಜಾತ್ರೆಯ ವ್ಯಾಪಾರ ಬಲ್ಲವರಿಗೂ ಒಂದು ಪ್ರಶ್ನೆ. ಹಸು ಒದೆಯುತ್ತದೆ, ಎತ್ತು ಮಲಗಿಬಿಡುತ್ತದೆ ಎಂದು ಮಾರುವವನು ತಾನಾಗಿಯೇ ಮೊದಲು ಹೇಳುವುದಕ್ಕೆ ನಿಮ್ಮ ಕಡೆ ಒಂದು ಪದ ಇದೆಯಾ?

ಕೊನೆಗೆ, ಅತ್ತೆಯ ಪರವಾಗಿ ದೂರು ಬರೆಯುತ್ತಿದ್ದೇನೆ. ಸೋಮವಾರ ಕಳಿಸಬೇಕು. ಅದರಲ್ಲಿ ಈ ಸಾಲು ಬರೆದಿದ್ದೇನೆ: ‘ನಾನು ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದ ಸಂಗತಿ ಫಾರಂನಲ್ಲಿ ಬರದೇ ಹೋಗಿದೆ. ನಾನು ಅದನ್ನು ಮುಚ್ಚಿಟ್ಟಿಲ್ಲ.’ ‘ಬರದೇ ಹೋಗಿದೆ’ ಎಂದರೆ ಹೊಣೆ ಜಾರಿಸಿಕೊಂಡ ಹಾಗೆ ಕೇಳಿಸುತ್ತದಾ? ‘ನಾನು ಹೇಳದೇ ಹೋದೆ’ ಎಂದೇ ಬರೆಯಲಾ? ಅತ್ತೆಗೆ ಎರಡನೆಯದೇ ಸರಿ ಅನಿಸಿದೆ.