ನಾಪೋಕ್ಲಿನಲ್ಲಿ ಕೂತು ಮದುವೆ ವಿಡಿಯೋ ಎಡಿಟ್ ಮಾಡಲು ಹಗುರ ಲ್ಯಾಪ್‌ಟಾಪ್ ಸಾಕಾ, ಗೇಮಿಂಗ್ ಲ್ಯಾಪ್‌ಟಾಪ್ ಬೇಕಾ?

ನಾಪೋಕ್ಲು ಎಡಿಟರ್:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ನಾಪೋಕ್ಲು ಪೇಟೆಯಿಂದ ಸ್ವಲ್ಪ ಒಳಗೆ, ತೋಟದ ನಡುವೆ ಇದೆ. ಆರು ವರ್ಷದಿಂದ ಮದುವೆ ವಿಡಿಯೋ ಎಡಿಟ್ ಮಾಡುತ್ತಿದ್ದೇನೆ. ಶೂಟಿಂಗ್ ನನ್ನ ಗೆಳತಿಯದು, ಎಡಿಟಿಂಗ್ ನನ್ನದು. 2017ರ ಲ್ಯಾಪ್‌ಟಾಪ್ ಇಷ್ಟು ದಿನ ಹೇಗೋ ನಡೆಯಿತು. ಈಗ ಹಿಂಜ್ ಮುರಿದಿದೆ. ಪರದೆಯನ್ನು ಗೋಡೆಗೆ ಒರಗಿಸಿ ಕೆಲಸ ಮಾಡುತ್ತಿದ್ದೇನೆ. ಹೊಸದು ತಗೊಳ್ಳಲೇಬೇಕು. 1 ಲಕ್ಷ ಕೂಡಿಟ್ಟಿದ್ದೇನೆ.

ನೋಡಿಟ್ಟಿರುವುದು ಎರಡು. ಒಂದು ಗೇಮಿಂಗ್ ಲ್ಯಾಪ್‌ಟಾಪ್. ರೈಜೆನ್ 7 ಪ್ರೊಸೆಸರ್, ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್, 15.6 ಇಂಚು, ತೂಕ 2.4 ಕೆಜಿ, 230 ವ್ಯಾಟ್ ಅಡಾಪ್ಟರ್. ಇನ್ನೊಂದು 14 ಇಂಚಿನ ಹಗುರದ್ದು. ಇಂಟೆಲ್ ಕೋರ್ ಅಲ್ಟ್ರಾ ಪ್ರೊಸೆಸರ್, 1.3 ಕೆಜಿ, 65 ವ್ಯಾಟ್ ಟೈಪ್ ಸಿ ಚಾರ್ಜರ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಕೇಳಿದವರೆಲ್ಲ "ವಿಡಿಯೋ ಅಂದ ಮೇಲೆ ಗೇಮಿಂಗ್ ತಗೋ, ಯೋಚನೆ ಯಾಕೆ" ಅನ್ನುತ್ತಾರೆ. ನನಗೆ ಮಾತ್ರ ಮನಸ್ಸು ನಿಲ್ಲುತ್ತಿಲ್ಲ. ಕಾರಣ ಹೇಳುತ್ತೇನೆ.

ನಮ್ಮಲ್ಲಿ ಮದುವೆಗಳು ಜಾಸ್ತಿ ಏಪ್ರಿಲ್, ಮೇ ತಿಂಗಳಲ್ಲಿ. ಫೂಟೇಜ್ ಎಲ್ಲಾ ನನ್ನ ಕೈಗೆ ಬರುವಾಗ ಜೂನ್ ಆಗಿರುತ್ತದೆ. ಅಂದರೆ ನನ್ನ ಕೆಲಸ ಜೋರಾಗುವುದು ಮಳೆ ಜೋರಾದಾಗಲೇ. ಒಂದು ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದರೆ ಎರಡು ದಿನ ಕರೆಂಟ್ ಇಲ್ಲ. ಕಳೆದ ಜುಲೈಯಲ್ಲಿ ಹಾಗೇ ಆಯಿತು. ಮದುಮಗಳು ಗಂಡನ ಜೊತೆ ವಿದೇಶಕ್ಕೆ ಹೊರಟಿದ್ದಳು. ಅವಳ ಅಜ್ಜಿಗೆ ಹುಷಾರಿರಲಿಲ್ಲ. ಹೊರಡುವ ಮೊದಲು ಇಬ್ಬರೂ ಒಟ್ಟಿಗೆ ಕೂತು ನೋಡಬೇಕು ಅಂತ ಕೇಳಿದ್ದಳು, ನಾನು ಖಂಡಿತ ಕೊಡುತ್ತೇನೆ ಅಂದಿದ್ದೆ. ಮೂರು ದಿನ ಕರೆಂಟ್ ಇರಲಿಲ್ಲ, ಇನ್ವರ್ಟರ್ ಮೊದಲ ರಾತ್ರಿಯೇ ಮುಗಿಯಿತು. ಅಜ್ಜಿ ಒಬ್ಬರೇ ಆಮೇಲೆ ನೋಡಿದರು. ಅದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ.

ಇನ್ನೊಂದು ವಿಷಯ. ಗೆಳತಿ ಹೋದ ವರ್ಷ ಹೊಸ ಕ್ಯಾಮೆರಾ ತಗೊಂಡಳು. ಅದರ ಗಂಗಾಪೂಜೆ ಕ್ಲಿಪ್ ಒಂದೊಂದೂ ಉದ್ದ. ಬಾವಿಯಿಂದ ಕೊಡ ಹೊತ್ತು ಬರುವ ಮದುಮಗಳ ಮುಂದೆ ಗಂಡಿನ ಕಡೆಯವರು ಅಡ್ಡ ನಿಂತು ಕುಣಿಯುತ್ತಾರಲ್ವಾ, ಅದು ಗಂಟೆಗಟ್ಟಲೆ. ಆ ಕ್ಲಿಪ್ ಟೈಮ್‌ಲೈನ್‌ಗೆ ಹಾಕಿದರೆ ಈ ಲ್ಯಾಪ್‌ಟಾಪಿನಲ್ಲಿ ವಾಲಗ ಮಾತ್ರ ಸರಿಯಾಗಿ ಕೇಳಿಸುತ್ತದೆ. ಚಿತ್ರ ಎರಡು ಸೆಕೆಂಡಿಗೊಮ್ಮೆ ಹಾರುತ್ತದೆ. ಎತ್ತಿದ ಕಾಲು ಹಾಗೇ ಗಾಳಿಯಲ್ಲಿ ನಿಂತಿರುತ್ತದೆ. ತಾಳಕ್ಕೆ ಸರಿಯಾಗಿ ಕಟ್ ಮಾಡುವುದು ಹೇಗೆ?

ಗೇಮ್ ನಾನು ಆಡುವುದಿಲ್ಲ. ಲ್ಯಾಪ್‌ಟಾಪ್ ಹೊತ್ತು ಮಡಿಕೇರಿ, ವಿರಾಜಪೇಟೆಗೆ ಬಸ್ಸಿನಲ್ಲಿ ಓಡಾಡುವುದು ತಿಂಗಳಿಗೆ ನಾಲ್ಕೈದು ಸಲ ಇದೆ. ಬಳಸಿದವರು ಹೇಳಿ, ಪ್ಲೀಸ್.

ಪೊನ್ನಂಪೇಟೆ ಹಾಸ್ಟೆಲ್:

ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಎರಡು ವರ್ಷದಿಂದ ಗೇಮಿಂಗ್ ಲ್ಯಾಪ್‌ಟಾಪ್ ಬಳಸುತ್ತಿದ್ದೇನೆ, ನನಗೆ ಖುಷಿ ಇದೆ. ನನ್ನ ಓಟು ಅದಕ್ಕೇ. ಆದರೆ 4060 ಅಂತ ಹೆಸರು ನೋಡಿ ತಗೊಳ್ಳಬೇಡಿ. ಲ್ಯಾಪ್‌ಟಾಪ್‌ಗೆ ಬರುವ 4060 ಕಾರ್ಡನ್ನು ಕಂಪನಿಯವರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಹೆಸರು ಒಂದೇ, ವೇಗ ಬೇರೆ ಬೇರೆ. ಸ್ಪೆಕ್ ಶೀಟಿನಲ್ಲಿ ಟಿಜಿಪಿ, ಅಂದರೆ ಕಾರ್ಡಿಗೆ ಸಿಗುವ ಪವರ್, ಎಷ್ಟು ಅಂತ ನೋಡಿ. ಇನ್ನೊಂದು, ಪ್ಲಗ್ ತೆಗೆದರೆ ವೇಗ ತುಂಬಾ ಬೀಳುತ್ತದೆ. ಆ ಕಾರ್ಡಿಗೆ ಬೇಕಾದಷ್ಟು ಪವರ್ ಬ್ಯಾಟರಿಯಿಂದ ಬರುವುದಿಲ್ಲ. ಹಾಸ್ಟೆಲಲ್ಲಿ ಜನರೇಟರ್ ಇದೆ, ನನಗೆ ತೊಂದರೆ ಆಗಲಿಲ್ಲ.

ಗೋಣಿಕೊಪ್ಪ ರಿಪೇರಿ:

ನಾನು ಹನ್ನೊಂದು ವರ್ಷದಿಂದ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತಿದ್ದೇನೆ. ನಿಮ್ಮ ಪ್ರಶ್ನೆ ಓದಿ ಬರೆಯದೆ ಇರಲು ಆಗಲಿಲ್ಲ. ಬೆಂಗಳೂರಲ್ಲಿ ಕೂತು ರಿವ್ಯೂ ಮಾಡುವವರಿಗೆ ಕರೆಂಟ್ ಯಾವಾಗಲೂ ಇರುತ್ತದೆ. ನಮಗೆ ಇಲ್ಲ. ಹಾಗಾಗಿ ಮೊದಲು ಇನ್ವರ್ಟರ್ ಲೆಕ್ಕ ಮಾಡಿ.

ಮನೆಯಲ್ಲಿ ಸಾಮಾನ್ಯವಾಗಿ ಇರುವುದು 12 ವೋಲ್ಟ್, 150 ಎಎಚ್ ಬ್ಯಾಟರಿ. ಗುಣಿಸಿದರೆ 1,800 ವ್ಯಾಟ್ ಅವರ್. ಇನ್ವರ್ಟರ್ ತಿನ್ನುವುದು, ಬ್ಯಾಟರಿ ಹಳೆಯದಾಗಿದ್ದು ಎಲ್ಲ ಕಳೆದರೆ ಕೈಗೆ 1,200 ಸಿಗುತ್ತದೆ ಅಂತ ಇಟ್ಟುಕೊಳ್ಳಿ. ಮನೆಯ ಲೈಟು, ವೈಫೈ ಸೇರಿ 60 ವ್ಯಾಟ್. ಗೇಮಿಂಗ್ ಲ್ಯಾಪ್‌ಟಾಪ್ ರೆಂಡರ್ ಮಾಡುವಾಗ (ಎಡಿಟ್ ಆದ ವಿಡಿಯೋವನ್ನು ಕೊನೆಯ ಫೈಲಾಗಿ ತೆಗೆಯುವಾಗ) 180 ವ್ಯಾಟ್ ಎಳೆದರೆ ಒಟ್ಟು 240. ಐದು ಗಂಟೆಗೆ ಕಥೆ ಮುಗಿಯಿತು. ಹಗುರದ್ದು 45 ಎಳೆದರೆ ಒಟ್ಟು 105. ಹನ್ನೊಂದು ಗಂಟೆ ಮೇಲೆ ಬರುತ್ತದೆ. ಇನ್ವರ್ಟರ್ ಖಾಲಿಯಾದ ಮೇಲೂ ಟೈಪ್ ಸಿ ಚಾರ್ಜರ್ ಅಂದರೆ ಜೀಪಿನಲ್ಲಿ ಹಾಕಬಹುದು. 65 ವ್ಯಾಟಿನ ಕಾರ್ ಚಾರ್ಜರ್ ಸಿಗುತ್ತದೆ. 230 ವ್ಯಾಟಿನ ಇಟ್ಟಿಗೆಯಂಥ ಅಡಾಪ್ಟರಿಗೆ ಆ ದಾರಿ ಇಲ್ಲ.

ನಿಮ್ಮ ಇನ್ವರ್ಟರ್ ಸ್ಕ್ವೇರ್ ವೇವ್ (ಕರೆಂಟಿನ ಅಲೆ ನಯವಾಗಿರದೆ ಚೌಕಾಕಾರ) ಆಗಿದ್ದರೆ ದೊಡ್ಡ ಅಡಾಪ್ಟರ್ ಗುಂಯ್ ಅಂತ ಸದ್ದು ಮಾಡುತ್ತದೆ, ಬಿಸಿಯೂ ಜಾಸ್ತಿ. ಪ್ಯೂರ್ ಸೈನ್ ವೇವ್ (ಮೇನ್ ಲೈನಿನ ಹಾಗೆ ನಯವಾದ ಅಲೆ) ಇದ್ದರೆ ಚಿಂತೆಯಿಲ್ಲ. ಯಾವುದೇ ತಗೊಂಡರೂ ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಶುರುವಾದ ಕೂಡಲೇ ಪ್ಲಗ್ ಕಿತ್ತುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಆ ಎರಡು ತಿಂಗಳು ನನ್ನ ಮೇಜಿನ ಮೇಲೆ ಬರುವುದರಲ್ಲಿ ಚಾರ್ಜಿಂಗ್ ಐಸಿ (ಚಾರ್ಜ್ ನೋಡಿಕೊಳ್ಳುವ ಚಿಪ್ಪು) ಸುಟ್ಟದ್ದೇ ಜಾಸ್ತಿ.

ಒಳಗೆ ಏನಾಗುತ್ತದೆ ಅಂತಲೂ ಹೇಳುತ್ತೇನೆ. ಕಾಫಿ ಒಣಗಿಸುವ ಕಣದ ಪಕ್ಕದ ರೂಮಿನಲ್ಲಿ ಬಳಸಿದ ಗೇಮಿಂಗ್ ಲ್ಯಾಪ್‌ಟಾಪ್ ಒಂದು ಮೊನ್ನೆ ಬಂತು. ತಳದ ಸ್ಕ್ರೂ ಬಿಚ್ಚಿದೆ. ಎರಡೂ ಫ್ಯಾನ್ ಹಿಂದೆ, ತಾಮ್ರದ ರೆಕ್ಕೆಗಳ ಮೇಲೆ, ಕಂದು ಬಣ್ಣದ ಧೂಳು ಕಂಬಳಿಯ ಹಾಗೆ ಕೂತಿತ್ತು. ಚಿಮುಟದಲ್ಲಿ ಎಳೆದರೆ ಒಂದೇ ಹಾಳೆಯಾಗಿ ಬಂತು. ಕಾಫಿ ಹೊಟ್ಟಿನ ಪುಡಿ, ಅದಕ್ಕೆ ಮಳೆಗಾಲದ ಥಂಡಿ ಸೇರಿ ಅಂಟಿಕೊಂಡಿತ್ತು. ಪಕ್ಕದ ಕನೆಕ್ಟರ್ ಮೇಲೆ ಹಸಿರು ಕಿಲುಬು. ಫ್ಯಾನ್ ದೊಡ್ಡದಾದಷ್ಟೂ ಹೊರಗಿನ ಗಾಳಿ ಜಾಸ್ತಿ ಎಳೆಯುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿ ಕ್ಲೀನ್ ಮಾಡಿಸುವುದಾದರೆ ಮಾತ್ರ ತಗೊಳ್ಳಿ.

ನಾನು ಗೇಮಿಂಗ್ ಬೇಡ ಅಂತ ಹೇಳುತ್ತಿಲ್ಲ. ಹಗುರದ್ದರಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರುವುದು ಜಾಸ್ತಿ, ಆಮೇಲೆ ಸೇರಿಸಲು ಆಗುವುದಿಲ್ಲ. ಮೊದಲೇ 32 ಜಿಬಿ ತಗೊಳ್ಳಿ.

ಕುಶಾಲನಗರ ಫಿಲಂಸ್:

ನಾನೂ ಮದುವೆ ಎಡಿಟರ್. ಒಂದು ಪ್ರಶ್ನೆ. ಗೆಳತಿಯ ಹೊಸ ಕ್ಯಾಮೆರಾ ಯಾವ ಫಾರ್ಮ್ಯಾಟಿನಲ್ಲಿ ರೆಕಾರ್ಡ್ ಮಾಡುತ್ತದೆ? 4:2:2, 10 ಬಿಟ್, ಎಚ್.265 ಅಂತ ಇದೆಯಾ? ಎಚ್.265 ಅಂದರೆ ವಿಡಿಯೋ ಕುಗ್ಗಿಸಿ ಇಡುವ ವಿಧಾನ, 4:2:2 ಮತ್ತು 10 ಬಿಟ್ ಅಂದರೆ ಬಣ್ಣದ ವಿವರ ಎಷ್ಟು ಅನ್ನುವುದು.

ನಾಪೋಕ್ಲು ಎಡಿಟರ್:

ಕೇಳಿದೆ. ಹೌದು, ಅದೇ. ಎಡಿಟಿಂಗ್‌ಗೆ ನಾನು ಬಳಸುವುದು ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರ್, ದುಡ್ಡು ಕೊಟ್ಟು ತಗೊಳ್ಳುವ ಸ್ಟುಡಿಯೋ ಲೈಸೆನ್ಸ್ ಇದೆ. ಇನ್ವರ್ಟರ್ ಲೆಕ್ಕ ಹೇಳಿದವರಿಗೆ ತುಂಬಾ ಥ್ಯಾಂಕ್ಸ್. ಅಪ್ಪನಿಗೆ ಓದಿ ಹೇಳಿದೆ, ನಮ್ಮದೂ 150 ಎಎಚ್.

ಕುಶಾಲನಗರ ಫಿಲಂಸ್:

ಹಾಗಾದರೆ ದಯವಿಟ್ಟು ದುಡ್ಡು ಕೊಡುವ ಮೊದಲು ಇದನ್ನು ಓದಿ. ನಾನು ಇದೇ ತಪ್ಪು ಮಾಡಿದೆ.

ಕ್ಯಾಮೆರಾ ಫೈಲು ಕುಗ್ಗಿಸಿ ಗಂಟು ಕಟ್ಟಿದ ಹಾಗಿರುತ್ತದೆ. ಟೈಮ್‌ಲೈನ್‌ನಲ್ಲಿ ಓಡಿಸುವಾಗ ಕಂಪ್ಯೂಟರ್ ಪ್ರತಿ ಫ್ರೇಮಿನ ಗಂಟು ಬಿಚ್ಚಬೇಕು. ಇದಕ್ಕೆ ಅಂತಲೇ ಚಿಪ್ಪಿನಲ್ಲಿ ಬೇರೆ ಭಾಗ ಇರುತ್ತದೆ. 4:2:2 ಎಚ್.265 ಗಂಟನ್ನು ಬಿಚ್ಚುವುದು ಆರ್‌ಟಿಎಕ್ಸ್ 40 ಸರಣಿಯ ಕಾರ್ಡಿಗೆ ಬರುವುದಿಲ್ಲ. ನೀವು ನೋಡಿಟ್ಟ ರೈಜೆನ್‌ಗೂ ಬರುವುದಿಲ್ಲ. ಅಲ್ಲಿಗೆ ಪ್ರೊಸೆಸರ್ ಸುಮ್ನೆ ತನ್ನ ಶಕ್ತಿಯಿಂದಲೇ ಬಿಚ್ಚಬೇಕು, ಫ್ಯಾನ್ ಕಿರುಚುತ್ತದೆ, ಆದರೂ ಚಿತ್ರ ಹಾರುತ್ತದೆ. ಇಂಟೆಲ್‌ನ 11ನೇ ಪೀಳಿಗೆಯಿಂದ ಈಚೆಗಿನ ಲ್ಯಾಪ್‌ಟಾಪ್ ಚಿಪ್ಪುಗಳಿಗೆ ಬರುತ್ತದೆ, ಕ್ವಿಕ್ ಸಿಂಕ್ ಅನ್ನುತ್ತಾರೆ. ನೀವು ನೋಡಿಟ್ಟ ಕೋರ್ ಅಲ್ಟ್ರಾವೂ ಅದರಲ್ಲಿ ಸೇರುತ್ತದೆ. ಆಪಲ್‌ನ ಎಂ1ನಿಂದ ಈಚೆಗೂ ಬರುತ್ತದೆ. ಆರ್‌ಟಿಎಕ್ಸ್ ಕಾರ್ಡ್ ಮಾಡುವ ಎನ್‌ವಿಡಿಯಾದಲ್ಲಿ 2025ರ 50 ಸರಣಿಯಿಂದ ಬಂದಿದೆ.

ಅಂದರೆ ನಿಮ್ಮ ವಿಷಯದಲ್ಲಿ ಕಟಿಂಗ್‌ಗೆ ಹಗುರದ್ದೇ ಚುರುಕು. ಆದರೆ ಕತ್ತಲೆ ದೃಶ್ಯಗಳ ನಾಯ್ಸ್ ರಿಡಕ್ಷನ್ (ಚಿತ್ರದ ಚುಕ್ಕೆ ಚುಕ್ಕೆ ತೆಗೆಯುವುದು), ಭಾರಿ ಕಲರ್ ಗ್ರೇಡಿಂಗ್ (ಬಣ್ಣ ತಿದ್ದುವುದು) ಇದ್ದರೆ ಗ್ರಾಫಿಕ್ಸ್ ಕಾರ್ಡ್ ಬೇಕೇ ಬೇಕು. ಗೇಮಿಂಗ್ ತಗೊಳ್ಳುವುದಾದರೆ ಇಂಟೆಲ್ ಪ್ರೊಸೆಸರ್ ಇರುವುದೋ, 50 ಸರಣಿಯ ಕಾರ್ಡ್ ಇರುವುದೋ ತಗೊಳ್ಳಿ. ಮ್ಯಾಕ್‌ಬುಕ್ ಏರ್ ಕೂಡ ನೋಡಬಹುದು. 13 ಇಂಚಿನ ಎಂ4 ಏರ್ 1.24 ಕೆಜಿ. ಫ್ಯಾನೇ ಇಲ್ಲ, ಹೊಟ್ಟಿನ ಪುಡಿ ಎಳೆದುಕೊಳ್ಳುವ ಮಾತೇ ಇಲ್ಲ. ಬ್ಯಾಟರಿಯಲ್ಲೂ ಅದೇ ವೇಗ. ಉದ್ದದ ರೆಂಡರ್‌ನಲ್ಲಿ ಬಿಸಿಯಾಗಿ ನಿಧಾನ ಆಗುತ್ತದೆ ಅಷ್ಟೇ.

ನನ್ನ ಹತ್ತಿರ ರೈಜೆನ್ ಮತ್ತು 4060 ಇರುವ ಲ್ಯಾಪ್‌ಟಾಪ್ ಇದೆ. ತಂಗಿಯ ಹತ್ತಿರ ಕೋರ್ ಅಲ್ಟ್ರಾದ ಹಗುರದ್ದು ಇದೆ. ನಿಮ್ಮ ಕ್ಲಿಪ್ ಹಾಕಿಕೊಂಡು ಬನ್ನಿ. ಎರಡರಲ್ಲೂ ಓಡಿಸಿ ನೋಡೋಣ.

ನಾಪೋಕ್ಲು ಎಡಿಟರ್:

ಶನಿವಾರ ಕುಶಾಲನಗರಕ್ಕೆ ಹೋಗಿ ಬಂದೆ. ಇದೇ ಗೊಂದಲದಲ್ಲಿ ಇರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ಅದೇ ಗಂಗಾಪೂಜೆ ಕ್ಲಿಪ್. ಮೊದಲು ಗೇಮಿಂಗ್ ಲ್ಯಾಪ್‌ಟಾಪ್. ಒಂದು ಕ್ಲಿಪ್ ಪರವಾಗಿಲ್ಲ. ಎರಡು ಕ್ಯಾಮೆರಾದ ಕ್ಲಿಪ್ ಒಟ್ಟಿಗೆ ಇಟ್ಟಾಗ ನಮ್ಮ ಮನೆಯ ಹಾಗೆಯೇ ಹಾರಿತು. ಪ್ರೊಸೆಸರ್ ಸುಮಾರು ನೂರಕ್ಕೆ ನೂರು, ಗ್ರಾಫಿಕ್ಸ್ ಕಾರ್ಡ್ ಬಹುತೇಕ ಖಾಲಿ. ಆಮೇಲೆ ಅವರ ತಂಗಿಯದು. ಪ್ಲಗ್ ಇಲ್ಲ, ಬರೀ ಬ್ಯಾಟರಿ. ಎರಡೂ ಕ್ಲಿಪ್ ನೀರಿನ ಹಾಗೆ ಓಡಿತು. ಕೊಡದಿಂದ ನೀರು ತುಳುಕಿ ಮದುಮಗಳ ಭುಜದ ಮೇಲೆ ಬೀಳುವುದು ಒಂದು ಕಡೆ ಇದೆ. ನಾನು ಎಡಿಟ್ ಮಾಡಿ ಕೊಟ್ಟಿರುವ ಮದುವೆಯೇ ಅದು. ಆದರೂ ಆ ತುಳುಕಿದ ನೀರನ್ನು ನಾನು ನೋಡಿದ್ದು ಮೊನ್ನೆಯೇ. ಹಳೆಯ ಲ್ಯಾಪ್‌ಟಾಪಿನಲ್ಲಿ ಆ ಜಾಗ ಯಾವಾಗಲೂ ಹಾರಿ ಹೋಗುತ್ತಿತ್ತು.

ನಾಯ್ಸ್ ರಿಡಕ್ಷನ್ ಹಾಕಿ ರೆಂಡರ್ ಕೊಟ್ಟಾಗ ಮಾತ್ರ ಉಲ್ಟಾ ಆಯಿತು. ಗೇಮಿಂಗ್‌ನಲ್ಲಿ 7 ನಿಮಿಷ, ಹಗುರದ್ದರಲ್ಲಿ 21. ಇದು ಸಣ್ಣ ವ್ಯತ್ಯಾಸ ಅಲ್ಲ. ಆದರೆ ನಾಯ್ಸ್ ರಿಡಕ್ಷನ್ ನನಗೆ ಬೇಕಾಗುವುದು ರಾತ್ರಿಯ ದೃಶ್ಯಗಳಿಗೆ ಮಾತ್ರ. ಅದನ್ನು ಕರೆಂಟ್ ಇರುವ ರಾತ್ರಿ ಹಾಕಿ ಮಲಗಬಹುದು. ದಿನಕ್ಕೆ ಎಂಟು ಗಂಟೆ ಕೂರುವುದು ಕಟಿಂಗ್‌ಗೆ, ಅದು ಕರೆಂಟ್ ಇಲ್ಲದಾಗಲೂ ನಡೆಯಬೇಕು.

ಹಗುರದ್ದೇ ತಗೊಳ್ಳುತ್ತಿದ್ದೇನೆ. 32 ಜಿಬಿ ರ‍್ಯಾಮ್. ಮುಂದಿನ ವಾರ ಮೈಸೂರಿಗೆ ಹೋಗಿ ತರುತ್ತೇನೆ. ಮಳೆಗಾಲದಲ್ಲಿ ಕ್ಯಾಮೆರಾ ಲೆನ್ಸ್ ಇಡುವ, ಥಂಡಿ ತಡೆಯಲು ಬಲ್ಬ್ ಉರಿಸಿಡುವ ಕಪಾಟಿನಲ್ಲೇ ರಾತ್ರಿ ಲ್ಯಾಪ್‌ಟಾಪ್ ಇಡಬಹುದಾ? ನಮ್ಮ ಇನ್ವರ್ಟರ್ ಸೈನ್ ವೇವ್ ಹೌದೋ ಅಲ್ವೋ ಅಂತ ಎಲ್ಲಿ ನೋಡಬೇಕು?

ಗೋಣಿಕೊಪ್ಪ ರಿಪೇರಿ:

ಕಪಾಟಿನಲ್ಲಿ ಇಡಬಹುದು. ಬಲ್ಬಿಗೆ ತಾಗದ ಹಾಗೆ ಕೆಳಗಿನ ತಟ್ಟೆಯಲ್ಲಿಡಿ, ಪೂರ್ತಿ ಶಟ್ ಡೌನ್ ಮಾಡಿ ಇಡಿ. ಇನ್ವರ್ಟರ್ ಹಿಂದೆ ಸ್ಟಿಕ್ಕರ್ ಇರುತ್ತದೆ, ಅದರಲ್ಲಿ ಬರೆದಿರುತ್ತದೆ. ಅಕ್ಷರ ಅಳಿಸಿ ಹೋಗಿದ್ದರೆ ಫೋಟೋ ಹಾಕಿ, ಮಾಡೆಲ್ ನಂಬರ್ ನೋಡಿ ಹೇಳುತ್ತೇನೆ.