ಚೈನಾ ರೇಷ್ಮೆ ನೂಲಿನ ಮುಂದೆ ನಮ್ಮ ಹತ್ತು ಬೇಸಿನ್ ನಡೆಸೋದಾ, ಮುಚ್ಚೋದಾ?

ಶಿಡ್ಲಘಟ್ಟದ_ಹುಡುಗ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ. ನಮ್ದು ಶಿಡ್ಲಘಟ್ಟ, ರೇಷ್ಮೆ ಗೂಡಿಂದ ನೂಲು ಬಿಚ್ಚೋ ಕೆಲಸ. ತಾತನ ಕಾಲಕ್ಕೆ ಚರಕ ಇತ್ತು, ಅಪ್ಪ ಕಾಟೇಜ್ ಬೇಸಿನ್, ಅಂದ್ರೆ ಬಿಸಿನೀರಲ್ಲಿ ಗೂಡು ಹಾಕಿ ನೂಲು ತೆಗೆಯೋ ತೊಟ್ಟಿ, ಹಾಕಿಸಿದ್ರು, ಈಗ ಹತ್ತು ಬೇಸಿನ್ ಇದೆ, ಮನೆಯವ್ರೂ ಸೇರಿ ಹದಿನಾಲ್ಕು ಜನ ಬಿಸಿನೀರಲ್ಲಿ ಕೈ ಅದ್ಕೊಂಡು ಬದುಕ್ತಿದೀವಿ. ನಾನು ಬೆಂಗಳೂರಲ್ಲಿ ಕೆಲಸ ಬಿಟ್ಟು ವಾಪಸ್ ಬಂದು ಎರಡು ವರ್ಷ ಆಯ್ತು, ಬಂದಿದ್ದು ತಪ್ಪಾಯ್ತಾ ಅಂತ ಈಗ ಅನುಮಾನ ಶುರುವಾಗಿದೆ.

ಲೆಕ್ಕ ಹೇಳ್ತೀನಿ ನೋಡಿ. ಗೂಡು ಕೇಜಿಗೆ 500 ಅಂತ ಇಟ್ಕೊಳ್ಳಿ, ಮಿಶ್ರತಳಿ ಗೂಡು, ಅಂದ್ರೆ ನಮ್ ಕಡೆಯ ಹಳದಿ ಗೂಡು, ಏಳೂವರೆ ಕೇಜಿ ಬಿಚ್ಚಿದ್ರೆ ಒಂದು ಕೇಜಿ ನೂಲು, ಅಂದ್ರೆ ಗೂಡಿಗೇ 3750 ಹೋಯ್ತು, ಆಮೇಲೆ ಸೌದೆ, ಕೂಲಿ, ಕರೆಂಟು. ಹುಳ ಮತ್ತೆ ವೇಸ್ಟು ಮಾರಿದ್ರೆ ಒಂದಿಷ್ಟು ವಾಪಸ್ ಬರುತ್ತೆ ನಿಜ. ಆದ್ರೆ ಮಳೆಗಾಲದಲ್ಲಿ ಅದೇ ಗೂಡು ರೆಂಡಿಟ್ಟಾ, ಅಂದ್ರೆ ಒಂದು ಕೇಜಿ ನೂಲಿಗೆ ಬೇಕಾಗೋ ಗೂಡಿನ ಲೆಕ್ಕ, ಎಂಟೂವರೆ ಕೂತ್ಕೊಂಡ್ರೆ ಒಂದು ಕೇಜಿ ನೂಲಿಗೆ 500 ರೂಪಾಯಿ ಹೊಳೇಲಿ ಹುಣಸೆಹಣ್ಣು ಕಿವುಚಿದಂಗೆ. ಮಾರ್ಕೆಟ್ಟಲ್ಲಿ ದುಡ್ಡು ಮೊದಲೇ ಕಟ್ಟಿರ್ಬೇಕು, ರೈತರ ಅಕೌಂಟಿಗೆ ಆನ್‌ಲೈನಲ್ಲಿ ಹೋಗುತ್ತೆ, ಅದು ಸರೀನೇ, ರೈತ ಯಾಕೆ ಕಾಯ್ಬೇಕು. ನಮ್ ನೂಲು ತಗೊಳ್ಳೋನು ಮಾತ್ರ ಒಂದೂವರೆ ತಿಂಗಳು ಸಾಲ ಹೇಳ್ತಾನೆ. ನಾವು ರೇಟು ಸ್ವಲ್ಪ ಜಾಸ್ತಿ ಹೇಳಿದ್ರೆ ಸಾಕು, ‘ಚೈನಾದ್ದು ಸಿಗುತ್ತೆ ಬಿಡಪ್ಪ’ ಅಂತಾನೆ, ಅಲ್ಲಿಗೆ ಮಾತು ಮುಗೀತು.

ಅಪ್ಪ ಮುಚ್ಚೋಣ ಅಂತಿದಾರೆ. ಫ್ರೆಂಡೊಬ್ಬ ಸಬ್ಸಿಡಿ ತಗೊಂಡು ಆಟೋಮ್ಯಾಟಿಕ್ ಮೆಷಿನ್ ಹಾಕು ಅಂತಾನೆ, ಅದು ಕೋಟಿ ಮಾತು. ಈ ಫೀಲ್ಡಲ್ಲಿ ಇರೋರು ಯಾರಾದ್ರೂ ಹೇಳಿ. ‘ಬಾಯ್ಕಾಟ್ ಚೈನಾ’ ಅನ್ನೋರು ದಯವಿಟ್ಟು ಬೇರೆ ಕಡೆ ಹೋಗಿ.

ಮಗ್ಗದಮನೆ:

ತಮ್ಮಾ, ನಾನು ದೊಡ್ಡಬಳ್ಳಾಪುರ, ನಾಲ್ಕು ಪವರ್‌ಲೂಮ್ ಇದೆ, ‘ಚೈನಾದ್ದು ಸಿಗುತ್ತೆ ಬಿಡಪ್ಪ’ ಅನ್ನೋ ಆ ಪಾಪಿಗಳಲ್ಲಿ ನಾನೂ ಒಬ್ಬ. ಬೈಕೋ ಪರವಾಗಿಲ್ಲ ಆದ್ರೆ ನಮ್ ಕಡೆಯಿಂದಲೂ ನೋಡು. ಹಾಸಿಗೆ, ಅಂದ್ರೆ ಮಗ್ಗದ ಉದ್ದ ಎಳೆಗೆ, ಸಾವಿರಾರು ಎಳೆ ಕಟ್ಟಿರ್ತೀವಿ, ಅದರಲ್ಲಿ ಒಂದೆಳೆ ಹರಿದ್ರೂ ಮಗ್ಗ ನಿಲ್ಲಿಸಿ ಹುಡುಕಿ ಗಂಟು ಹಾಕ್ಬೇಕು. ಬೇಸಿನ್ ನೂಲು ಒಂದು ಕಡೆ ದಪ್ಪ ಒಂದು ಕಡೆ ಸಣ್ಣ, ಹುರಿ ಹಾಕೋವಾಗ್ಲೇ ಹರಿಯೋಕೆ ಶುರು. ಚೈನಾ ನೂಲು ಹಾಸಿಗೆ ಹಾಕಿದ್ರೆ ನಾನು ಟೀ ಕುಡಿದು ಬರೋವರೆಗೂ ಮಗ್ಗ ಓಡ್ತಾನೇ ಇರುತ್ತೆ. ನಮಗೆ ಸಂಪಾದನೆ ಸೀರೆ ಲೆಕ್ಕದಲ್ಲಿ, ಮಗ್ಗ ನಿಂತ ಹೊತ್ತಿಗೆ ಯಾರೂ ಕಾಸು ಕೊಡಲ್ಲ. ರೇಟು ಆಮೇಲಿನ ಮಾತು, ಎಷ್ಟೋ ಸಲ ಚೈನಾದ್ದು ಜಾಸ್ತಿ ಕೊಟ್ಟೇ ತಂದಿದೀನಿ.

ಹೊಕ್ಕಿಗೆ, ಅಂದ್ರೆ ಅಡ್ಡ ಎಳೆಗೆ, ಇವತ್ತಿಗೂ ನಿಮ್ ಕಡೆ ನೂಲೇ ಹಾಕೋದು, ಸೀರೆಗೆ ಮೈ ಬರುತ್ತೆ. ಮತ್ತೆ ನಮ್ ಪಾಡು ಕೇಳ್ಬೇಡ, ನಮ್ ಡಿಸೈನನ್ನೇ ಸೂರತ್ತಿನವ್ರು ಪಾಲಿಯೆಸ್ಟರಲ್ಲಿ ತೆಗೆದು ಸಾವಿರದೊಳಗೆ ಮಾರ್ತಾರೆ. ನಿನಗೆ ಚೈನಾ, ನನಗೆ ಸೂರತ್ತು.

ಹಿಪ್ಪುನೇರಳೆ:

ಇಲ್ಲಿ ನೂಲು ಬಿಚ್ಚೋ ರೀಲರೂ ನೇಕಾರರೂ ಮಾತಾಡ್ತಿದೀರ, ಹುಳ ಸಾಕೋನ ಕಥೇನೂ ಇರ್ಲಿ. ಚಿಂತಾಮಣಿ ಕಡೆ ನಮ್ದು ಎರಡು ಎಕರೆ ಸೊಪ್ಪು. 2011ರ ಬಜೆಟ್ಟಲ್ಲಿ ಕಚ್ಚಾ ರೇಷ್ಮೆ ಆಮದು ಸುಂಕ 30 ಪರ್ಸೆಂಟಿಂದ ಒಂದೇ ಏಟಿಗೆ 5ಕ್ಕೆ ಇಳಿಸಿದ್ರಲ್ಲ, ಆ ವರ್ಷ ಗೂಡಿನ ರೇಟು ಹೆಂಗೆ ಬಿತ್ತು ಅಂದ್ರೆ ನಮ್ಮಪ್ಪ ಒಂದೆಕರೆ ಹಿಪ್ಪುನೇರಳೆ ಬುಡ ಸಮೇತ ಕೀಳಿಸಿ ಟೊಮ್ಯಾಟೊ ಹಾಕಿದ್ರು. ಟೊಮ್ಯಾಟೊ ಏನಾಯ್ತು ಅಂತ ಕೋಲಾರದ ಕಡೆಯವ್ರನ್ನ ಕೇಳ್ಬಾರ್ದು. ಆಮೇಲೆ ಸುಂಕ ಏರಿಸ್ತಾರೆ, ಇಳಿಸ್ತಾರೆ, 2021ರಲ್ಲಿ ಮತ್ತೆ 10ರಿಂದ 15 ಮಾಡಿದ್ರು. ಅದೇ ವರ್ಷದ ಕೊನೇಲಿ ರಾಮನಗರದಲ್ಲಿ ದ್ವಿತಳಿ ಗೂಡು, ಅಂದ್ರೆ ಒಳ್ಳೆ ನೂಲು ಕೊಡೋ ಬಿಳಿ ಗೂಡು, ಕೇಜಿಗೆ ಸಾವಿರ ದಾಟ್ತು, ಎಲ್ಲಾರೂ ಗಿಡ ನೆಟ್ಟಿದ್ದೇ ನೆಟ್ಟಿದ್ದು, 2023ಕ್ಕೆ ಮತ್ತೆ ಇಳೀತು. ಗಿಡ ನೆಟ್ಟು ಸೊಪ್ಪು ಬರೋಕೇ ತಿಂಗಳುಗಟ್ಟಲೆ ಬೇಕು, ಬಜೆಟ್ ಒಂದು ದಿನದ ಕೆಲಸ.

ಒಳ್ಳೆ ನೂಲು ಬೇಕಾದ್ರೆ ದ್ವಿತಳಿ ಬೆಳೀರಿ ಅಂತ ಎಲ್ರೂ ಬುದ್ಧಿ ಹೇಳ್ತಾರೆ. ಬೆಳೀತೀವಿ, ಆದ್ರೆ ಏಪ್ರಿಲಲ್ಲಿ ನಮ್ ಕಡೆ ಬಿಸಿಲು ನೋಡಿದೀರಾ? ದ್ವಿತಳಿ ಹುಳ ಮನೆ ಅಳಿಯ ಇದ್ದಂಗೆ, ತಂಪು ಬೇಕು, ಒಳ್ಳೆ ಸೊಪ್ಪು ಬೇಕು, ಸ್ವಲ್ಪ ಹೆಚ್ಚು ಕಮ್ಮಿ ಆದ್ರೆ ನಾಲ್ಕನೇ ಜ್ವರ, ಅಂದ್ರೆ ಪೊರೆ ಬಿಡೋದು, ಎದ್ದ ಮೇಲೆ ತಟ್ಟೆ ತಟ್ಟೆನೇ ಕೊಳೆಯುತ್ತೆ. ಹಳದಿ ಗೂಡಿನ ಹುಳ ಪಾಪ ಹೆಂಗಿದ್ರೂ ಗೂಡು ಕಟ್ಟುತ್ತೆ.

ನೂಲಿನ_ಲೆಕ್ಕ:

ರೀಲಿಂಗ್ ಟೆಕ್ನಾಲಜಿಯಲ್ಲಿ ಇಪ್ಪತ್ತೈದು ವರ್ಷ ಕೆಲಸ ಮಾಡಿ ರಿಟೈರ್ ಆದವನು. ಮೇಲಿನ ಮೂವರೂ ಹೇಳಿದ್ದು ಒಂದೇ ಗಂಟಿನ ಮೂರು ತುದಿ.

ಹುಡುಗ, ನಿಮ್ಮ ಪ್ರಶ್ನೆಗೆ ಬರ್ತೀನಿ. ಚೈನಾ ನೂಲು ಎಷ್ಟು ಬರುತ್ತೆ ಅನ್ನೋದಕ್ಕಿಂತ ಅದು ಯಾವ ರೇಟಿಗೆ ಬಂದು ಇಳಿಯುತ್ತೆ ಅನ್ನೋದು ಮುಖ್ಯ, ಯಾಕಂದ್ರೆ ನಿಮ್ಮ ನೂಲಿನ ರೇಟಿಗೆ ಅದೇ ಸೂರು. ಗೂಡಿನ ರೇಟು ಏರ್ತಾ ಹೋದ್ರೂ ನೂಲು ಆ ಸೂರಿಗೆ ತಲೆ ತಾಗಿಸಿ ನಿಲ್ಲುತ್ತೆ, ಮಧ್ಯೆ ಸಿಕ್ಕಿ ನುಜ್ಜುಗುಜ್ಜಾಗೋನು ರೀಲರ್. ಕೊರೊನಾ ಟೈಮಲ್ಲಿ ಆಮದು ಕಮ್ಮಿಯಾಗಿ ಆ ಸೂರು ಸ್ವಲ್ಪ ದಿನ ಹಾರಿ ಹೋಗಿತ್ತು, ಸಾವಿರ ದಾಟಿದ್ದಕ್ಕೆ ಅದೂ ಒಂದು ಕಾರಣ.

ಆಟೋಮ್ಯಾಟಿಕ್ ಮೆಷಿನ್ ಬಗ್ಗೆ. ಅದು ಎಳೆ ಸಣ್ಣ ಆದ ತಕ್ಷಣ ತಾನೇ ಗುರುತಿಸಿ ಹೊಸ ಗೂಡಿನ ಎಳೆ ಸೇರಿಸುತ್ತೆ, ಹಾಗಾಗಿ ಡೀನಿಯರ್, ಅಂದ್ರೆ ಎಳೆಯ ದಪ್ಪ, ಸಮ ಇರುತ್ತೆ, ಮಗ್ಗದಮನೆ ಅವರು ಕೇಳೋ ಹಾಸಿನ ನೂಲು ಅಂದ್ರೆ ಅದೇ. ಆದ್ರೆ ಅದಕ್ಕೆ ಬೇಕಾಗೋದು ದ್ವಿತಳಿ ಗೂಡು, ಅದೂ ದಿನಕ್ಕೆ ನೂರಾರು ಕೇಜಿ, ವರ್ಷಪೂರ್ತಿ. ಮಿಶ್ರತಳಿ ಹಾಕಿದ್ರೆ ಎಳೆ ಹರಿದು ಹರಿದು ವೇಸ್ಟೇ ಜಾಸ್ತಿ. ದ್ವಿತಳಿ ನಮ್ಮಲ್ಲಿ ಇಲ್ಲ ಅಂತಲ್ಲ, 1990ರ ದಶಕದಲ್ಲಿ ಮೈಸೂರಿನ ರೇಷ್ಮೆ ಸಂಶೋಧನಾ ಕೇಂದ್ರದವರು ಜಪಾನಿನವರ ಜೊತೆ ಸೇರಿ ಸಿಎಸ್‌ಆರ್ ತಳಿಗಳನ್ನ ಮಾಡಿದ್ರು, ಒಳ್ಳೆ ತಳಿ, ರೆಂಡಿಟ್ಟಾ ಆರರ ಆಸುಪಾಸು ಬರುತ್ತೆ. ಹಿಪ್ಪುನೇರಳೆ ಹೇಳಿದ ಹಾಗೆ ಬೇಸಿಗೇಲಿ ಗೂಡು ಸಿಗದೆ ಎರಡು ತಿಂಗಳು ಮೆಷಿನ್ ನಿಂತ್ರೆ ಬ್ಯಾಂಕಿನ ಕಂತು ನಿಲ್ಲಲ್ಲ. ಇನ್ನೊಂದು ತಮಾಷೆ, ನಮ್ಮಲ್ಲಿ ಕೂರಿಸಿರೋ ಈ ಮೆಷಿನ್ನುಗಳಲ್ಲಿ ಹೆಚ್ಚಿನವು ಬಂದಿರೋದೇ ಚೈನಾದಿಂದ.

ನನ್ನ ಕೇಳಿದ್ರೆ ಕೋಟಿ ಸಾಲ ಬೇಡ. ಮೊದಲು ಒಂದು ಬಿಸಿಗಾಳಿ ಡ್ರೈಯರ್ ನೋಡಿ. ಗೂಡನ್ನ ಸರಿಯಾಗಿ ಒಣಗಿಸಿಟ್ರೆ ರೇಟು ಬಿದ್ದ ದಿನ ಕೊಂಡು ತಿಂಗಳುಗಟ್ಟಲೆ ಇಟ್ಕೋಬಹುದು, ಈಗ ನೀವು ದಿನಾ ಬೆಳಿಗ್ಗೆ ಆವತ್ತಿನ ರೇಟಿಗೆ ತಲೆ ಕೊಡ್ತಿದೀರ. ಎರಡನೇದು, ಹತ್ತರಲ್ಲಿ ಐದು ಬೇಸಿನ್ ತೆಗೆದು ಮಲ್ಟಿ ಎಂಡ್, ಅಂದ್ರೆ ಒಟ್ಟಿಗೆ ಹಲವು ಎಳೆ ಬಿಚ್ಚೋ ಮೆಷಿನ್, ಹಾಕಿ. ಬಿಚ್ಚೋ ವೇಗ ಕಮ್ಮಿ, ಎಳೆ ಸಮ. ನೀವು ಗೂಡು ಅಮುಕಿ ನೋಡಿ, ಕಿವಿ ಹತ್ರ ಅಲ್ಲಾಡಿಸಿ ಹರಾಜು ಕೂಗೋದು ಬಿಟ್ಟು ಲಾಟಿಂದ ಸ್ವಲ್ಪ ಗೂಡು ಕತ್ತರಿಸಿ, ಒಳಗಿನ ಹುಳ ತೆಗೆದು, ನೂಲು ಕೊಡೋ ಸಿಪ್ಪೆ ತೂಕ ಹಾಕಿ ಕೊಳ್ಳೋ ಅಭ್ಯಾಸ ಮಾಡ್ಕೊಳ್ಳಿ, ಜನ ನಗ್ತಾರೆ, ನಗ್ಲಿ.

ಸೀರೆಪ್ರಿಯೆ:

ನಾನು ಬರೀ ಉಡೋಳು, ತಿಳೀದೇ ಕೇಳ್ತೀನಿ. ಸಿಲ್ಕ್ ಮಾರ್ಕ್ ಇರೋ ಸೀರೆ ತಗೊಂಡ್ರೆ ನಮ್ಮೂರಿನ ರೇಷ್ಮೆ ಅಂತ ಅಲ್ವಾ? ಇಷ್ಟು ವರ್ಷ ಹಾಗೇ ಅಂದ್ಕೊಂಡು ಅಕ್ಕನಿಗೂ ಹೇಳಿ ಕೊಡಿಸಿದೀನಿ 😐

ನೂಲಿನ_ಲೆಕ್ಕ:

ಅಲ್ಲಮ್ಮ. ಅದು 2004ರಿಂದ ಇರೋ ಗುರುತು, ರೇಷ್ಮೆ ಶುದ್ಧ ಅನ್ನೋದಕ್ಕೆ ಮಾತ್ರ. ಹುಳ ಎಲ್ಲಿ ಸೊಪ್ಪು ತಿಂತು ಅಂತ ಅದರಲ್ಲಿ ಇರಲ್ಲ. ಚೈನಾ ನೂಲೂ ಅಪ್ಪಟ ರೇಷ್ಮೇನೇ ತಾನೆ.

ಇಳಕಲ್_ಕಾಕಾ:

ನಮ್ ಕಡೀಗೆ ಈ ಜಗಳ ಎಂದೋ ಮುಗದೈತ್ರಿ. ಇಳಕಲ್ ಸೀರಿ ಸೆರಗಿಗೆ ಅಸಲಿ ರೇಷ್ಮಿ ಹಾಕವ್ರು ಕಡಿಮಿ, ಎಲ್ಲಾ ಚಮಕಾನ, ಅಂದ್ರ ಕೃತಕ ರೇಷ್ಮಿ. ಕೊಳ್ಳಾವ್ರು ರೇಟ್ ಕೇಳ್ತಾರ, ನೂಲು ಯಾವ್ದು ಅಂತ ಯಾರೂ ಕೇಳಂಗಿಲ್ಲ.

ಮಗ್ಗದಮನೆ:

ಹುಡುಗ, ಮಲ್ಟಿ ಎಂಡ್ ಹಾಕಿದ್ರೆ ಮೊದಲ ನೂಲು ಐದು ಕೇಜಿ ನನಗೆ ಕೊಡು, ಒಂದು ಹಾಸು ಹಾಕಿ ನೋಡ್ತೀನಿ. ಹರಿದ್ರೆ ಹರೀತು ಅಂತ ನೇರವಾಗಿ ಹೇಳ್ತೀನಿ, ಹರೀಲಿಲ್ಲ ಅಂದ್ರೆ ಚೈನಾ ರೇಟೇ ಕೊಡ್ತೀನಿ. ಸಾಲ ಹೇಳಲ್ಲ, ಆ ಐದು ಕೇಜಿಗೆ ಮಾತ್ರ ಮತ್ತೆ 😄

ಶಿಡ್ಲಘಟ್ಟದ_ಹುಡುಗ:

ಎಲ್ರಿಗೂ ಥ್ಯಾಂಕ್ಸ್. ರಾತ್ರಿ ಅಪ್ಪನಿಗೆ ಎಲ್ಲಾ ಓದಿ ಹೇಳ್ದೆ. ಆಟೋಮ್ಯಾಟಿಕ್ ಬೇಡ ಅಂದಿದ್ದಕ್ಕೆ ಖುಷಿಯಾದ್ರು, ಡ್ರೈಯರ್ ಅಂದಿದ್ದಕ್ಕೆ ‘ತಾರಸಿ ಬಿಸಿಲು ಸಾಲದಾ’ ಅಂದ್ರು, ಸಿಪ್ಪೆ ತೂಕ ಹಾಕೋದು ಅಂದಿದ್ದಕ್ಕೆ ಏನೂ ಮಾತಾಡ್ದೆ ಎದ್ದು ಹೋದ್ರು. ನಲವತ್ತು ವರ್ಷ ಕೈಯಲ್ಲಿ ಅಮುಕಿ ರೆಂಡಿಟ್ಟಾ ಹೇಳಿರೋ ಮನುಷ್ಯ. ಇವತ್ತು ಬೆಳಿಗ್ಗೆ ನೋಡಿದ್ರೆ ಅಮ್ಮನ ಅಡುಗೆಮನೆ ತಕ್ಕಡಿ ಕಾಣಿಸ್ತಿಲ್ಲ, ಮಾರ್ಕೆಟ್ಟಿಗೆ ಹೋಗೋ ಚೀಲದಲ್ಲಿ ಇತ್ತು.

ಐದು ಕೇಜಿ ಮಾತು ನೆನಪಿರ್ಲಿ ಅಣ್ಣ. ಸೆಕೆಂಡ್ ಹ್ಯಾಂಡ್ ಮಲ್ಟಿ ಎಂಡ್ ಎಲ್ಲಾದ್ರೂ ಇದ್ರೆ ಇಲ್ಲೇ ಹೇಳಿ.