ಪದಚರ್ಚೆ: ‘ರಕ್ಷಣಾ ನೀತಿ’ಯೋ ‘ಸಂರಕ್ಷಣಾ ನೀತಿ’ಯೋ?

ಗೆಳೆಯರಿಗೆ ನಮಸ್ಕಾರ,

ರೇಷ್ಮೆಯ ಆಮದು ಸುಂಕದ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಓದುವವರಲ್ಲಿ ಹೆಚ್ಚಿನವರು ಬೆಳೆಗಾರರು. ‘ಪ್ರೊಟೆಕ್ಷನಿಸಂ’ಗೆ, ಅಂದರೆ ಹೊರಗಿನ ಸರಕನ್ನು ತಡೆದು ಒಳಗಿನ ಉತ್ಪಾದಕರನ್ನು ಕಾಯುವ ಸರ್ಕಾರದ ನೀತಿಗೆ, ಕನ್ನಡದಲ್ಲಿ ಏನು ಬರೆಯಬೇಕು ಅನ್ನುವಲ್ಲಿ ಗಾಡಿ ನಿಂತಿದೆ.

‘ರಕ್ಷಣಾ ನೀತಿ’ ಅಂದರೆ ಸೇನೆ, ಕ್ಷಿಪಣಿ ನೆನಪಾಗುತ್ತವೆ. ಪಠ್ಯಪುಸ್ತಕದವರು ‘ಸಂರಕ್ಷಣಾ ನೀತಿ’ ಅನ್ನುತ್ತಾರೆ. ಆದರೆ ಸಂರಕ್ಷಣೆ ಈಗ ಕಾಡು, ಹುಲಿ, ಕೆರೆಗಳ ಪಾಲಾಗಿದೆ ಅಲ್ವಾ? ‘ಸ್ವದೇಶಿ’ಯೂ ಹೊಂದುವುದಿಲ್ಲ. ಅದು ಕೊಳ್ಳುವವರ ಹಟ, ಇದು ಸರ್ಕಾರ ಬಂದರಿನಲ್ಲಿ ಮಾಡುವ ವಸೂಲಿ.

ನನ್ನ ದೊಡ್ಡ ತಕರಾರು ಬೇರೆ. ಯಾರಿಂದ ಯಾರಿಗೆ ರಕ್ಷಣೆ ಅನ್ನುವುದು ಈ ಪದಗಳಲ್ಲಿ ಕಾಣುವುದೇ ಇಲ್ಲ. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ 30ರಿಂದ ಶೇ 5ಕ್ಕೆ ಇಳಿಸಿದರು. ಚೀನಾ ನೂಲು ಅಗ್ಗವಾಯಿತು. ಇಲ್ಲಿ ಗೂಡಿನ ದರ ಬಿತ್ತು, ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕ ಶೇ 15ಕ್ಕೆ ಏರಿತು. ರಾಮನಗರದ ಮಾರುಕಟ್ಟೆಗೆ ಗೂಡು ತರುವವರಿಗೆ ಇದು ರಕ್ಷಣೆಯೇ. ಮಗ್ಗದವರಿಗೆ? ಪವರ್‌ಲೂಮ್ ಓಡುವ ಜೋರಿಗೆ ಹಾಸಿನ ಎಳೆ (ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು) ಹರಿಯಬಾರದು, ಒಂದೇ ಸಮ ಇರಬೇಕು. ಅದಕ್ಕೇ ಅವರು ಚೀನಾ ನೂಲು ಕೇಳುವುದು. ಸುಂಕ ಏರಿದರೆ ಅವರ ಸೀರೆಯ ಅಸಲೂ ಏರುತ್ತದೆ. ಅವರ ಮುಂದೆ ಹೋಗಿ ‘ರಕ್ಷಣೆ’ ಅಂದರೆ ನಗುತ್ತಾರೆ.

‘ಮುಕ್ತ ವ್ಯಾಪಾರ’ ನೆಲೆಯೂರಿದೆ, ಅದನ್ನು ಕದಲಿಸುವುದು ಬೇಡ. (ಯಂತ್ರಾನುವಾದದ ಕೃಪೆಯಿಂದ ‘ಉಚಿತ ವ್ಯಾಪಾರ’ವೂ ಆಗಾಗ ಕಣ್ಣಿಗೆ ಬೀಳುತ್ತದೆ!) ಆದರೆ ‘ಮುಕ್ತ ವ್ಯಾಪಾರ ಒಪ್ಪಂದ’ ಅಂದ ಕೂಡಲೇ ಕಟ್ಟುಪಾಡೆಲ್ಲ ಹೋಯಿತು ಅಂತ ಓದುಗರು ಅಂದುಕೊಳ್ಳುತ್ತಾರೆ. ಶ್ರೀಲಂಕಾ ಜೊತೆಗಿನ ಒಪ್ಪಂದ 2000ದಿಂದ ಜಾರಿಯಲ್ಲಿದೆ. ಹಾಗಿದ್ದೂ 2017ರ ಡಿಸೆಂಬರ್‌ನಲ್ಲಿ ಸರ್ಕಾರ ಕಾಳುಮೆಣಸಿಗೆ ಕೆ.ಜಿ.ಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ಕಟ್ಟಿತು, ಅಂದರೆ ಅದಕ್ಕಿಂತ ಅಗ್ಗದ ಮೆಣಸು ಒಳಗೆ ಬರುವಂತಿಲ್ಲ. ಒಪ್ಪಂದ ಇರುವ ದೇಶ, ಇಲ್ಲದ ದೇಶ ಅಂತ ನೋಡಲಿಲ್ಲ.

ಜೊತೆಗೆ ಇನ್ನೊಂದು. 1923ರಲ್ಲಿ ಬ್ರಿಟಿಷ್ ಇಂಡಿಯಾ ಒಪ್ಪಿಕೊಂಡ ‘ಡಿಸ್ಕ್ರಿಮಿನೇಟಿಂಗ್ ಪ್ರೊಟೆಕ್ಷನ್’ಗೆ ಏನೆನ್ನುತ್ತೀರಿ? ಕೇಳಿದವರಿಗೆಲ್ಲ ಕೊಡದೆ, ಮುಂದೆ ತನ್ನ ಕಾಲ ಮೇಲೆ ನಿಲ್ಲಬಲ್ಲ ಉದ್ಯಮಕ್ಕೆ ಮಾತ್ರ ಆಸರೆ ಕೊಡುವ ನೀತಿ ಅದು. 1924ರಲ್ಲಿ ಉಕ್ಕಿಗೆ ಸಿಕ್ಕಿತು, 1932ರಲ್ಲಿ ಸಕ್ಕರೆಗೆ. ‘ತಾರತಮ್ಯ ಸಂರಕ್ಷಣೆ’ ಅಂದರೆ ಈಗಿನ ಓದುಗರಿಗೆ ಅನ್ಯಾಯ ಮಾಡಿದ ಹಾಗೆ ಕೇಳುತ್ತದೆ. ‘ಆಯ್ದ ರಕ್ಷಣೆ’ ಅಂದರೆ ಸಾಲದೇ?

ಸದ್ಯಕ್ಕೆ ನಾನು ‘ಸುಂಕದ ಬೇಲಿ’ ಅಂತ ಬರೆದಿಟ್ಟಿದ್ದೇನೆ. ಬೇಲಿಗೆ ಒಳಗಿನವರೂ ಇರುತ್ತಾರೆ, ಹೊರಗಿನವರೂ ಇರುತ್ತಾರೆ. ಆ ಮಟ್ಟಿಗೆ ಸರಿ. ಆದರೆ ಆಮದು ಕೋಟಾ, ಲೈಸೆನ್ಸ್, ಗುಣಮಟ್ಟದ ನೆಪದಲ್ಲಿ ಸರಕು ತಡೆಯುವುದು ಇವೆಲ್ಲ ‘ಸುಂಕ’ದಲ್ಲಿ ಹಿಡಿಸುವುದಿಲ್ಲ. ‘ಆಮದು ಬೇಲಿ’ ಅನ್ನಬಹುದೇ? ‘ಕಾಪು ನೀತಿ’ ಅಂತ ಒಬ್ಬರು ಸೂಚಿಸಿದರು. ಪದ ಚೆನ್ನಾಗಿದೆ, ಆದರೆ ಕರಾವಳಿಯವರಿಗೆ ಸುಮ್ನೆ ಉಡುಪಿ ಪಕ್ಕದ ಊರು ನೆನಪಾಗುತ್ತದೆ.

ದೊಡ್ಡಬಳ್ಳಾಪುರದ ಕಡೆಯವರು ಯಾರಾದರೂ ಇದ್ದರೆ, ಮಗ್ಗದವರು ಇದನ್ನು ಮಾತಿನಲ್ಲಿ ಏನೆನ್ನುತ್ತಾರೆ ಅಂತ ತಿಳಿಸಿ. ಬುಧವಾರದೊಳಗೆ ಲೇಖನ ಕಳಿಸಬೇಕು.